ಸೆಮಿಸ್ಟರ್ ಅಟ್ ಸೀ: ಹ್ಯಾಂಬರ್ಗ್‌ನಿಂದ ಬಾರ್ಸಿಲೋನಾ ತನಕ, ತಡವಾಗಿ ಬರೆದ ರಿವ್ಯೂ

ಹೋದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ನೀನು ಹಡಗಲ್ಲಿ ಓದಿದ್ದೀಯಲ್ಲ, ನಾನೂ ಅಪ್ಲೈ ಮಾಡಲಾ?" ಅಂತ. ಒಂದು ಗಂಟೆ ಮಾತಾಡಿದ ಮೇಲೆ ಗೊತ್ತಾಯಿತು, ಅವಳಿಗೆ ಬೇಕಿದ್ದದ್ದು ದೇಶಗಳ ಕಥೆ ಅಲ್ಲ. ಕೇಪ್‌ಟೌನ್ ಹೇಗಿದೆ, ಕೋಬೆ ಹೇಗಿದೆ ಅಂತ ತೋರಿಸೋಕೆ ವಿಡಿಯೋಗಳು ರಾಶಿ ಬಿದ್ದಿವೆ. ಹತ್ತಿದ ದಿನ ಏನಾಗುತ್ತೆ, ಎಲ್ಲಿ ಮಲಗೋದು, ಏನು ತಿನ್ನೋದು, ವಾಂತಿ ಬರುತ್ತಾ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇದೆಲ್ಲ ಆಗೋ ಹೋಗೋ ಮಾತಾ, ಇದು ಅವಳ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೋಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಹತ್ತುವ ಊರು, ಇಳಿಯುವ ಊರು ಆಮೇಲೆ ಬದಲಾಗಿವೆ, ಹಾಗಾಗಿ ಮಾರ್ಗದ ಬಗ್ಗೆ ನನ್ನ ಮಾತು ನಂಬಬೇಡಿ. ಮಿಕ್ಕಿದ್ದು ನಂಬಬಹುದು.

ಸ್ಟಾರ್ ಬೇಕಾದವರಿಗೆ: 5ಕ್ಕೆ 4. ಒಂದು ಸ್ಟಾರ್ ಯಾಕೆ ಕಟ್ ಅಂದರೆ ದುಡ್ಡು. ಅದನ್ನು ಆಮೇಲೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಪ್ರೋಗ್ರಾಂ. ಒಂದು ಪೂರ್ತಿ ಸೆಮಿಸ್ಟರ್, ಅಂದರೆ ನೂರು ದಿನದ ಆಸುಪಾಸು, ಹಡಗಿನಲ್ಲೇ ವಾಸ, ಹಡಗಿನಲ್ಲೇ ಕ್ಲಾಸು. ಹಡಗು ಬಂದರಿಗೆ ಬಂದಾಗ ಇಳಿದು ಊರು ಸುತ್ತೋದು, ಹತ್ತಿ ಮತ್ತೆ ಓದೋದು. ನಾನು ಹೋದಾಗ ಮಾರ್ಕ್ಸ್ ಕಾರ್ಡ್ ಬರುತ್ತಿದ್ದದ್ದು ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯಿಂದ, 2016ರಿಂದ ಅವರೇ ಇದರ ಓದಿನ ಹೊಣೆ ಹೊತ್ತಿದ್ದರು. ನಾನು ಆಗ ಅಮೆರಿಕದ ಒಂದು ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದೆ. ಊರು ಹಾಸನದ ಪಕ್ಕ. ಸಮುದ್ರ ಅಂತ ಅಲ್ಲಿಯ ತನಕ ನೋಡಿದ್ದು ಮುರುಡೇಶ್ವರದಲ್ಲಿ, ಅದೂ ಮೊಣಕಾಲು ಮಟ್ಟ.

ಹಡಗಿನ ಮೊದಲ ದಿನ ಶುರುವಾಗೋದು ಹಡಗಿನಲ್ಲಲ್ಲ, ವೀಸಾ ಕ್ಯೂನಲ್ಲಿ. ನಮ್ಮ ದಾರಿ ಹೀಗಿತ್ತು: ಜರ್ಮನಿಯಲ್ಲಿ ಹತ್ತೋದು, ಸ್ಪೇನ್, ಘಾನಾ, ದಕ್ಷಿಣ ಆಫ್ರಿಕಾ, ಮಾರಿಷಸ್, ಕೊಚ್ಚಿ, ಮ್ಯಾನ್ಮಾರ್, ವಿಯೆಟ್ನಾಂ, ಚೀನಾ, ಜಪಾನ್, ಹವಾಯಿ, ಕೊನೆಗೆ ಸ್ಯಾನ್ ಡಿಯಾಗೊ. ನಿಮ್ಮ ಕೈಯಲ್ಲಿರೋದು ನೀಲಿ ಪಾಸ್‌ಪೋರ್ಟ್ ಆದರೆ ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ನನಗೆ ಬೇಕಾದದ್ದು ಏಳು ವೀಸಾ. ಮಾರಿಷಸ್‌ನವರು ಒಳ್ಳೆಯವರು, ಬಂದಿಳಿದ ಮೇಲೆ ಸುಮ್ನೆ ಕೊಡುತ್ತಾರೆ. ಕೊಚ್ಚಿಗೆ ನನಗೆ ಏನೂ ಬೇಡ. ಇಡೀ ಹಡಗಿನಲ್ಲಿ ಕೊಚ್ಚಿಗೆ ಕೈಬೀಸಿಕೊಂಡು ಇಳಿಯಬಹುದಾದ ಕೆಲವೇ ಜನರಲ್ಲಿ ನಾನೊಬ್ಬ ಅನ್ನೋದು ಒಂದು ಸಣ್ಣ ಸಮಾಧಾನ. ಯಾಕೆಂದರೆ ಅಮೆರಿಕದ ಹುಡುಗರೆಲ್ಲ ಗೋಳಾಡುತ್ತಿದ್ದದ್ದು ಭಾರತದ ವೀಸಾ ಫಾರಂ ನೋಡಿಯೇ. ಅಪ್ಪ ಎಲ್ಲಿ ಹುಟ್ಟಿದ್ದು, ಅಮ್ಮ ಎಲ್ಲಿ ಹುಟ್ಟಿದ್ದು, ಹತ್ತು ವರ್ಷದಲ್ಲಿ ಯಾವ್ಯಾವ ದೇಶಕ್ಕೆ ಹೋಗಿದ್ದೀರಿ, ಅಜ್ಜ ಅಜ್ಜಿಗೆ ಪಾಕಿಸ್ತಾನದ ನಂಟಿತ್ತಾ. ನನ್ನ ರೂಂಮೇಟ್ ಟೆಕ್ಸಸ್‌ನವನು, "ನಮ್ಮ ತಾತ ಪಾಕಿಸ್ತಾನ ಅನ್ನೋ ಹೆಸರೇ ಕೇಳಿರಲಿಕ್ಕಿಲ್ಲ" ಅಂದ.

ಇಲ್ಲಿ ಒಂದು ಪಾಠ ಕಲಿತೆ, ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಒಂದೇ, ಅದು ಒಂದು ಸಲಕ್ಕೆ ಒಂದೇ ಕಾನ್ಸುಲೇಟ್‌ನಲ್ಲಿ ಇರಬಲ್ಲದು. ಹಾಗಾಗಿ ವೀಸಾ ಎಷ್ಟು ಅನ್ನೋದಕ್ಕಿಂತ ಯಾವುದು ಮೊದಲು ಅನ್ನೋದು ಮುಖ್ಯ. ನಾನು ಒಬ್ಬ ಏಜೆಂಟ್ ಹಿಡಿದೆ. ಹೆಸರು ಬೇಡ. ಆ ಪುಣ್ಯಾತ್ಮ ಪಾಸ್‌ಪೋರ್ಟನ್ನು ನನ್ನ ಹಳೇ ವಿಳಾಸಕ್ಕೆ ಕೊರಿಯರ್ ಮಾಡಿದ, ಅಲ್ಲಿಂದ ಅದು ವಾಪಸ್ ಹೋಗಿ, ಮತ್ತೆ ಬಂದು, ವಿಮಾನ ಹತ್ತುವ ಎರಡು ದಿನ ಮುಂಚೆ ಕೈಗೆ ಸಿಕ್ಕಿತು. ಆ ಹತ್ತು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಐದು ತಿಂಗಳು ಮುಂಚೆ ಶುರು ಮಾಡಿ, ಸಾಧ್ಯವಾದಷ್ಟು ನೀವೇ ಓಡಾಡಿ. ಎಫ್-1ನಲ್ಲಿ (ಅಮೆರಿಕದ ವಿದ್ಯಾರ್ಥಿ ವೀಸಾ) ಇರುವವರು ಐ-20 (ಅದಕ್ಕೆ ಕಾಲೇಜು ಕೊಡುವ ಪತ್ರ) ಮೇಲೆ ಕಾಲೇಜಿನವರ ಟ್ರಾವೆಲ್ ಸಹಿ ಹಾಕಿಸಿಕೊಳ್ಳೋದು ಮರೆಯಬೇಡಿ, ಎಫ್-1 ವೀಸಾ ವಾಪಸ್ ಬರುವ ತಾರೀಖಿನ ತನಕ ಚಾಲ್ತಿಯಲ್ಲಿ ಇರಬೇಕು. ಊರೂರು ಸುತ್ತಿ ಬಂದು ಕೊನೆಗೆ ಸ್ಯಾನ್ ಡಿಯಾಗೊದಲ್ಲಿ ಸಿಕ್ಕಿಹಾಕಿಕೊಂಡರೆ ಏನು ಪ್ರಯೋಜನ? ಘಾನಾಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಅದನ್ನು ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು. ಆ ಹಳದಿ ಕಾರ್ಡ್ ಕಳೆದುಕೊಂಡರೆ ಮುಗೀತು.

ಹ್ಯಾಂಬರ್ಗ್‌ಗೆ ಎರಡು ದಿನ ಮುಂಚೆ ಹೋದೆ. ನಾನು ಬಂದೆ, ದೊಡ್ಡ ಬ್ಯಾಗ್ ಬರಲಿಲ್ಲ. ವಿಮಾನದವರು (ಇವರ ಹೆಸರೂ ಬೇಡ) "ನಾಳೆ ಬರುತ್ತೆ" ಅಂದರು. ನಾಳೆಯೂ ಬರಲಿಲ್ಲ. ಬ್ಯಾಗ್‌ಗೋಸ್ಕರ ಹಡಗು ಕಾಯಲ್ಲ, ಅಲ್ವಾ? ಕೊನೆಗೆ ಬಾರ್ಸಿಲೋನಾಕ್ಕೆ ಕಳಿಸುತ್ತೇವೆ ಅಂತ ಒಂದು ಚೀಟಿ ಕೊಟ್ಟರು. ಅದರಲ್ಲಿ ನನ್ನ ಬಟ್ಟೆ ಎಲ್ಲ, ಮತ್ತು ಬಟ್ಟೆಗಿಂತ ಮುಖ್ಯವಾಗಿ ಅಮ್ಮ ಮಾಡಿಕೊಟ್ಟ ಬೆಳ್ಳುಳ್ಳಿ ಚಟ್ನಿಪುಡಿ, ಒಂದು ಕೇಜಿ. ಕೈಚೀಲದಲ್ಲಿ ಉಳಿದದ್ದು ಲ್ಯಾಪ್‌ಟಾಪ್, ಒಂದು ಜೊತೆ ಬಟ್ಟೆ, ಒಂದು ಡಬ್ಬಿ ಒಣಶುಂಠಿ. ನಮ್ಮಪ್ಪ ಆಲೂಗಡ್ಡೆ ಬಿಟ್ಟು ಶುಂಠಿಗೆ ಇಳಿದ ರೈತ. ಮನೆಯಲ್ಲಿ ಏನಿಲ್ಲದಿದ್ದರೂ ಶುಂಠಿ ಇರುತ್ತೆ. ಆ ಡಬ್ಬಿ ಯಾಕೆ ಕೊಟ್ಟರು ಅಂತ ಆಗ ಬೈದುಕೊಂಡಿದ್ದೆ.

ಊರು ಚೆನ್ನಾಗಿದೆ. ಸ್ಪೈಶರ್‌ಸ್ಟಾಟ್ ಅಂತ ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳ ಸಾಲು, ಕಾಲುವೆಗಳ ಮೇಲೆ ಕಟ್ಟಿದ್ದು, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಕಾಫಿ, ಟೀ, ಮಸಾಲೆ ಎಲ್ಲ ಅಲ್ಲೇ ಇಡುತ್ತಿದ್ದರಂತೆ. ನಮ್ಮ ಸಕಲೇಶಪುರದ ಕಡೆಯ ಒಂದು ಮೂಟೆಯಾದರೂ ಇಲ್ಲಿ ಯಾವತ್ತಾದರೂ ಮಲಗಿತ್ತೋ ಏನೋ ಅಂತ ಗೋಡೆ ಮೂಸಿ ನೋಡಿದೆ. ಬರೀ ನೀರಿನ ವಾಸನೆ.

ಹತ್ತುವ ದಿನ. ಬ್ಯಾಗ್ ಸ್ಕ್ಯಾನ್, ಪಾಸ್‌ಪೋರ್ಟ್ ಅವರ ಕೈಗೆ (ಅದು ಹಡಗಿನಲ್ಲೇ ಅವರ ಹತ್ತಿರ ಇರುತ್ತದೆ, ಏಳು ವೀಸಾಕ್ಕೆ ಒದ್ದಾಡಿದ ಪುಸ್ತಕವನ್ನು ಹಾಗೆ ಕೊಟ್ಟುಬಿಡೋದು ಸುಲಭ ಅಲ್ಲ), ಒಂದು ಫೋಟೊ, ಒಂದು ಕಾರ್ಡ್. ಆ ಕಾರ್ಡೇ ರೂಮಿನ ಬೀಗ, ಇಳಿಯುವಾಗ ಹತ್ತುವಾಗ ತೋರಿಸೋದೂ ಅದನ್ನೇ. ಎಲ್ಲರೂ ಎರಡೆರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದರೆ ನಾನು ಕೈಚೀಲ ಹಿಡಿದು ಹೋದೆ. ನನ್ನ ಹಿಂದೆ ಇದ್ದ ಹುಡುಗಿ "ವಾವ್, ಮಿನಿಮಲಿಸ್ಟ್" ಅಂದಳು. ಸರಿ ಅಂದೆ.

ಹಡಗಿನ ಹೆಸರು ವರ್ಲ್ಡ್ ಒಡಿಸ್ಸಿ. 1998ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಕಟ್ಟಿದ್ದು, ಮೊದಲಿನ ಹೆಸರು ಡಾಯ್ಚ್‌ಲಾಂಡ್. 175 ಮೀಟರ್ ಉದ್ದ. ಈಗಿನ ದೈತ್ಯ ಕ್ರೂಸ್ ಹಡಗುಗಳ ಪಕ್ಕ ನಿಲ್ಲಿಸಿದರೆ ಮರಿ. ಜರ್ಮನಿಯ ಒಂದು ಜನಪ್ರಿಯ ಟಿವಿ ಧಾರಾವಾಹಿ ವರ್ಷಗಟ್ಟಲೆ ಇದರಲ್ಲೇ ಶೂಟ್ ಆಗಿದೆ. ಆಗೆಲ್ಲ ಬೇಸಿಗೆಯಲ್ಲಿ ಅದು ಹಳೇ ಹೆಸರಿನಲ್ಲೇ ಜರ್ಮನ್ ಪ್ರವಾಸಿಗರನ್ನು ಹೊತ್ತು ತಿರುಗುತ್ತಿತ್ತು, ಮಿಕ್ಕ ಸಮಯ ನಮ್ಮಂಥವರನ್ನು. ಹಾಗಾಗಿ ಒಳಗೆ ಕಾಲೇಜು ಅನ್ನಿಸೋದೇ ಇಲ್ಲ. 1920ರ ಕಾಲದ ಹೋಟೆಲ್ ಥರ ಮಾಡಿದ್ದಾರೆ. ಮರದ ಕೆತ್ತನೆ, ಹಿತ್ತಾಳೆ ಕಂಬಿ, ದೊಡ್ಡ ದೀಪದ ಗೊಂಚಲು. ಕೈಸರ್‌ಸಾಲ್ ಅಂತ ಒಂದು ನೃತ್ಯದ ಹಾಲ್ ಇದೆ, ಅದೇ ನಮ್ಮ ದೊಡ್ಡ ಕ್ಲಾಸ್‌ರೂಂ. ಚಪ್ಪಲಿ ಹಾಕಿಕೊಂಡು, ತಲೆ ಕೆದರಿಕೊಂಡು ನಾವು ಅಲ್ಲಿ ಕೂತರೆ ಯಾರದೋ ಮದುವೆ ಮನೆಗೆ ಕರೆಯದೇ ಬಂದ ಹಾಗೆ ಕಾಣುತ್ತಿದ್ದೆವು.

ನನ್ನ ಕ್ಯಾಬಿನ್‌ಗೆ ಕಿಟಕಿ ಇಲ್ಲ. ಅಗ್ಗದ್ದು ಬೇಕು ಅಂದರೆ ಒಳಗಿನ ಕ್ಯಾಬಿನ್. ಎರಡು ಮಂಚ, ಒಂದು ಬಚ್ಚಲು, ಒಂದು ಕಪಾಟು. ನನಗೆ ಕಪಾಟಿನ ಅಗತ್ಯವೇ ಇರಲಿಲ್ಲ, ರೂಂಮೇಟ್ ಖುಷಿಯಾಗಿ ಪೂರ್ತಿ ತುಂಬಿಕೊಂಡ. ದೀಪ ಆರಿಸಿದರೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಬೆಳಗಾಗಿದ್ದು ಗೊತ್ತಾಗೋದು ಅಲಾರಂನಿಂದ ಮಾತ್ರ. ಜಾಸ್ತಿ ದುಡ್ಡು ಕೊಟ್ಟು ಕಿಟಕಿ ತಗೋಬೇಕಾ ಅಂದರೆ, ಬೇಡ. ನಿದ್ದೆಗೆ ಬಿಟ್ಟರೆ ಯಾರೂ ಕ್ಯಾಬಿನ್‌ನಲ್ಲಿ ಇರಲ್ಲ. ಇನ್ನೊಂದು, ಅದು ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುವಿಗೆ ಹತ್ತಿರ ಇತ್ತು. ಅದರ ಬೆಲೆ ಮೂರು ದಿನ ಆದ ಮೇಲೆ ಗೊತ್ತಾಯಿತು. ಕಾರಿಡಾರ್‌ಗಳಿಗೆ ಒಂದೊಂದು ಸಮುದ್ರದ ಹೆಸರು. ಹಾಸ್ಟೆಲ್ ಬ್ಲಾಕ್ ಇದ್ದಂಗೆ. ಆಟದಲ್ಲಿ, ಜಗಳದಲ್ಲಿ ಎಲ್ಲ ನಮ್ಮ ಸಮುದ್ರ, ನಿಮ್ಮ ಸಮುದ್ರ.

ಹೊರಡೋ ಮುಂಚೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸಿ ಡ್ರಿಲ್ ಮಾಡಿಸಿದರು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ. ಅದು ಕೇಳಿಸಿದರೆ ಎಲ್ಲ ಬಿಟ್ಟು ಗೊತ್ತು ಮಾಡಿದ ಜಾಗಕ್ಕೆ ಹೋಗಬೇಕು. ಹುಡುಗರು ಸೆಲ್ಫಿ ತೆಗೆಯುತ್ತಾ ನಗುತ್ತಿದ್ದರು. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಮುಳುಗಿದಾಗ ಅವತ್ತೇ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ, ಆಮೇಲೆ ನಿಯಮ ಬಿಗಿ ಮಾಡಿ ಹೊರಡೋ ಮುಂಚೆ ಅಥವಾ ಹೊರಟ ಕೂಡಲೇ ಮಾಡಿಸಲೇಬೇಕು ಅಂತ ತಂದರು ಅಂತ ಒಬ್ಬರು ಮೇಷ್ಟ್ರು ಮೆಲ್ಲಗೆ ಹೇಳಿದರು. ನಗು ಅರ್ಧಕ್ಕೆ ನಿಂತಿತು.

ಹಡಗು ಹೊರಟಾಗ ನಾನು ಸಮುದ್ರ ಬರುತ್ತೆ ಅಂತ ಮೇಲಿನ ಡೆಕ್‌ನಲ್ಲಿ ಕಾದೆ, ಕಾದೆ. ಸಮುದ್ರ ಎಲ್ಲಿ? ಹ್ಯಾಂಬರ್ಗ್ ಬಂದರು ಇರೋದು ಎಲ್ಬೆ ನದಿಯ ಮೇಲೆ, ಅಲ್ಲಿಂದ ಸಮುದ್ರಕ್ಕೆ ನೂರು ಕಿಲೋಮೀಟರ್ ಹತ್ತಿರ. ಅಂದರೆ ನಮ್ಮೂರಿಂದ ಮೈಸೂರಿಗೆ ಹೋದಷ್ಟು ದೂರ, ನದಿಯಲ್ಲೇ. ದಡದಲ್ಲಿ ಮನೆಗಳು, ಮರಳು, ನಾಯಿ ಹಿಡಿದು ನಡೆಯೋರು ಕೈ ಬೀಸೋದು. ಒಂದು ಕಡೆ ಏರ್‌ಬಸ್ ಕಾರ್ಖಾನೆ. ಮುಂದೆ ವೇಡೆಲ್ ಅಂತ ಊರಿದೆ, ಅಲ್ಲಿ 1952ರಿಂದ ಹಾದುಹೋಗುವ ದೊಡ್ಡ ಹಡಗುಗಳಿಗೆ ಅವುಗಳ ದೇಶದ ರಾಷ್ಟ್ರಗೀತೆ ಹಾಕಿ ನಮಸ್ಕಾರ ಹೇಳುತ್ತಾರೆ. ನಮ್ಮ ಹಡಗು ಜರ್ಮನಿಯಲ್ಲಿ ಕಟ್ಟಿದ್ದು, ಓದುವವರು ಅಮೆರಿಕದವರು, ಬಾವುಟ ಮಾತ್ರ ಬಹಾಮಾಸ್‌ದು. ಬಹಾಮಾಸ್ ರಾಷ್ಟ್ರಗೀತೆ ಹೇಗಿರುತ್ತೆ ಅಂತ ಕೇಳುವ ಆಸೆ ಇತ್ತು. ಅಲ್ಲಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಕಾರ್ಯಕ್ರಮ ಮುಗಿದಿತ್ತು. ಚಳಿಗೆ ನಡುಗುತ್ತಾ ಕೆಳಗೆ ಹೋದೆ. ಸ್ವೆಟರ್ ಬ್ಯಾಗ್‌ನಲ್ಲಿತ್ತು, ಬ್ಯಾಗ್ ಎಲ್ಲಿತ್ತೋ.

ಕ್ಲಾಸು ಬೇಗ ಶುರುವಾಗಿಬಿಡುತ್ತದೆ. ಇದು ಎಲ್ಲರಿಗೂ ಶಾಕ್. ಹಡಗಿನಲ್ಲಿ ಸೋಮವಾರ ಭಾನುವಾರ ಅಂತ ಏನಿಲ್ಲ, ಎ ದಿನ, ಬಿ ದಿನ ಅಷ್ಟೇ, ಒಂದು ದಿನ ಒಂದಷ್ಟು ವಿಷಯ, ಮಾರನೇ ದಿನ ಮಿಕ್ಕವು. ಸಮುದ್ರದ ಮೇಲಿದ್ದರೆ ಕ್ಲಾಸ್, ಬಂದರಿನಲ್ಲಿದ್ದರೆ ರಜೆ. ಗ್ಲೋಬಲ್ ಸ್ಟಡೀಸ್ ಅಂತ ಒಂದು ವಿಷಯ ಎಲ್ಲರಿಗೂ ಕಡ್ಡಾಯ, ಅದರಲ್ಲಿ ಮುಂದೆ ಬರುವ ದೇಶಗಳ ಪಾಠ. ಪ್ರತಿ ಕೋರ್ಸ್‌ಗೂ ಯಾವುದಾದರೂ ಒಂದು ಬಂದರಿನಲ್ಲಿ ಒಂದು ದಿನ ಫೀಲ್ಡ್ ಕ್ಲಾಸ್. ಅದನ್ನು ತಪ್ಪಿಸಿ ಊರು ಸುತ್ತೋಕೆ ಹೋದರೆ ಮಾರ್ಕ್ಸ್ ಗೋವಿಂದ. "ಕ್ರೂಸ್ ಅಲ್ವಾ, ಓದೋದು ಏನಿರುತ್ತೆ" ಅಂತ ಬಂದವರ ಮುಖ ಎರಡನೇ ದಿನ ನೋಡಬೇಕಿತ್ತು. ನನ್ನ ಪ್ರಕಾರ ಈ ಪ್ರೋಗ್ರಾಂನ ನಿಜವಾದ ರುಚಿ ಇರೋದು ಇಲ್ಲೇ. ಮೇಷ್ಟ್ರು ಕ್ಲಾಸ್ ಮುಗಿಸಿ ಮನೆಗೆ ಹೋಗೋಕೆ ಆಗಲ್ಲ, ಹೋಗೋದು ಎಲ್ಲಿಗೆ? ಊಟಕ್ಕೆ ನಿಮ್ಮ ಟೇಬಲ್‌ಗೇ ಬರುತ್ತಾರೆ, ಹೆಂಡತಿ ಮಕ್ಕಳ ಸಮೇತ. ಅವರ ಏಳು ವರ್ಷದ ಮಗಳು ನನಗೆ ಚೆಸ್‌ನಲ್ಲಿ ಸೋಲಿಸಿ, "ನಿನಗೆ ಅಪ್ಪ ಹೋಂವರ್ಕ್ ಜಾಸ್ತಿ ಕೊಟ್ಟಿದಾರಾ, ಅದಕ್ಕೇ ಗಮನ ಇಲ್ವಾ" ಅಂತ ಕೇಳುತ್ತಾಳೆ. ನಾನು ವರ್ಷಗಟ್ಟಲೆ ದೊಡ್ಡ ಕ್ಯಾಂಪಸ್‌ನಲ್ಲಿ ಇದ್ದೆ, ಅಲ್ಲಿ ಒಬ್ಬ ಪ್ರೊಫೆಸರ್ ಮಗಳ ಹೆಸರೂ ಗೊತ್ತಾಗಲಿಲ್ಲ.

ವಯಸ್ಸಾದವರೂ ಬರುತ್ತಾರೆ, ಕ್ಲಾಸ್‌ನಲ್ಲಿ ಸುಮ್ನೆ ಕೂತು ಕೇಳೋಕೆ. ಅಂಥ ಒಬ್ಬ ಅಜ್ಜಿ ಲೈಬ್ರರಿ ಹತ್ತಿರ ಸಿಕ್ಕಿ ಇದರ ಹಳೇ ಕಥೆ ಹೇಳಿದರು. 1963ರಲ್ಲಿ ಯೂನಿವರ್ಸಿಟಿ ಆಫ್ ದಿ ಸೆವೆನ್ ಸೀಸ್ ಅಂತ ಶುರುವಾದದ್ದು. ಆಮೇಲೆ ಸಿ. ವೈ. ತುಂಗ್ ಅನ್ನೋ ಹಡಗು ಕುಬೇರನಿಗೆ ಇದರ ಹುಚ್ಚು ಹಿಡಿಯಿತು. ಕ್ವೀನ್ ಎಲಿಜಬೆತ್ ಅನ್ನೋ ಆ ಪ್ರಸಿದ್ಧ ಹಡಗನ್ನೇ ಕೊಂಡು ತೇಲುವ ಯೂನಿವರ್ಸಿಟಿ ಮಾಡೋಕೆ ಹೊರಟರು. ಅದಕ್ಕೆ ಇಟ್ಟ ಹೆಸರು ಸೀವೈಸ್, ಅವರದೇ ಇನಿಶಿಯಲ್ ಸೇರಿಸಿದ ತಮಾಷೆ. 1972ರ ಜನವರಿಯಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲಿ ರಿಪೇರಿ ನಡೆಯುತ್ತಿದ್ದಾಗ ಬೆಂಕಿ ಬಿದ್ದು ಮಗುಚಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದುಕೊಳ್ಳುತ್ತಿದ್ದರು, ಇವರು ಇನ್ನೊಂದು ಹಡಗು ಕೊಟ್ಟರು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ದಕ್ಷಿಣ ಆಫ್ರಿಕಾದ ಬಿಷಪ್ ಡೆಸ್ಮಂಡ್ ಟುಟು ಕೂಡ ಈ ಪ್ರೋಗ್ರಾಂ ಜೊತೆ ಪ್ರಯಾಣ ಮಾಡಿದ್ದಾರೆ. ಅಜ್ಜಿ ಇದನ್ನೆಲ್ಲ ಹೇಳುವಾಗ ಅವರ ಕೈಯಲ್ಲಿದ್ದ ಟೀ ಕಪ್ ಒಂದು ಕಡೆಗೆ ಜಾರೋಕೆ ಶುರು ಮಾಡಿತು. ಬಿಸ್ಕೇ ಕೊಲ್ಲಿ ಬಂತು ಅಂದರು.

ಬಿಸ್ಕೇ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಮೂಲೆ ಅದು. ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರದಲ್ಲಿ ಎದ್ದ ಉದ್ದುದ್ದ ಅಲೆ ಆಳದ ನೀರಿನಿಂದ ಬಂದು ಇದ್ದಕ್ಕಿದ್ದಂತೆ ಆಳ ಕಡಿಮೆ ಇರೋ ಕಡೆ ಎಡವುತ್ತದೆ. ಎಡವಿದ್ದು ಅಲೆ, ಬಿದ್ದದ್ದು ನಾನು. ಕಣ್ಣು ಗೋಡೆ ನಿಂತಿದೆ ಅನ್ನುತ್ತೆ, ಕಿವಿಯ ಒಳಗಿನ ದ್ರವ ಇಲ್ಲ ಅಲ್ಲಾಡ್ತಿದೆ ಅನ್ನುತ್ತೆ, ಇಬ್ಬರ ಜಗಳದಲ್ಲಿ ಹೊಟ್ಟೆಗೆ ಏಟು. ಅವತ್ತು ಕ್ಲಾಸ್‌ನಲ್ಲಿ ಅರ್ಧ ಜನ ಇರಲಿಲ್ಲ. ಮಿಕ್ಕವರು ಹಸಿರಾಗಿದ್ದರು. ಮೆಟ್ಟಿಲ ಕಂಬಿಗಳಿಗೆಲ್ಲ ಕಾಗದದ ಚೀಲ ಸಿಗಿಸಿದ್ದರು, ಅದು ನೋಡಿದರೇ ವಾಂತಿ ಬರುತ್ತಿತ್ತು. ಮೇಷ್ಟ್ರು ಮಾತ್ರ ಬೋರ್ಡ್‌ಗೆ ಒಂದು ಕೈ ಒತ್ತಿ ಹಿಡಿದುಕೊಂಡು ಪಾಠ ಮಾಡಿದರು.

ಇಲ್ಲಿ ಶುಂಠಿ ಡಬ್ಬಿ ಕೆಲಸಕ್ಕೆ ಬಂತು. ಕ್ಲಿನಿಕ್‌ನಲ್ಲಿ ಮಾತ್ರೆ ಕೊಡುತ್ತಾರೆ, ಅದು ತಗೊಂಡರೆ ನಿದ್ದೆ. ಹಸಿರು ಸೇಬು, ಉಪ್ಪು ಬಿಸ್ಕತ್ತು ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಣಶುಂಠಿ ಚೂರು ದವಡೆಯಲ್ಲಿಟ್ಟುಕೊಂಡು ಡೆಕ್ ಮೇಲೆ ನಿಂತು ದೂರದ ಗೆರೆ ನೋಡುತ್ತಾ ಇದ್ದೆ, ಒಂದು ಗಂಟೆಯಲ್ಲಿ ಸುಮಾರಾಯಿತು. ಟೆಕ್ಸಸ್‌ನವನಿಗೂ ಕೊಟ್ಟೆ. ಅವನು ಖಾರಕ್ಕೆ ಕಣ್ಣೀರು ಹಾಕಿದ, ಆದರೆ ವಾಂತಿ ನಿಂತಿತು. ಸಂಜೆಗೆ ನಮ್ಮ ಕಾರಿಡಾರ್‌ನ ಎಂಟು ಹತ್ತು ಜನ ಬಾಗಿಲು ತಟ್ಟಿದರು. ಅಪ್ಪನಿಗೆ ಇದನ್ನು ಆಮೇಲೆ ಹೇಳಿದಾಗ "ಕೇಜಿಗೆ ಎಷ್ಟು ಹೇಳಿದೆ?" ಅಂದರು. ಕೆಳಗಿನ ಡೆಕ್, ನಡುವಿನ ಕ್ಯಾಬಿನ್ ಯಾಕೆ ಒಳ್ಳೇದು ಅಂದರೆ ಅಲ್ಲಿ ತೂಗಾಟ ಕಡಿಮೆ. ತೊಟ್ಟಿಲಿನ ತುದಿಗಿಂತ ನಡುವೆ ಕಡಿಮೆ ತೂಗೋದಿಲ್ವಾ, ಹಾಗೆ.

ಊಟ. ಎಲ್ಲರೂ ಕೇಳೋದು ಇದನ್ನೇ. ಸಸ್ಯಾಹಾರಿ ಹಸಿದು ಸಾಯಲ್ಲ. ಪಾಸ್ತಾ, ಆಲೂಗಡ್ಡೆ, ಸೊಪ್ಪು, ಹಣ್ಣು, ಬ್ರೆಡ್ಡು, ಕಡಲೇಕಾಯಿ ಬೆಣ್ಣೆ ಇದ್ದೇ ಇರುತ್ತೆ. ಆಲೂಗಡ್ಡೆ ಬೇರೆ ಬೇರೆ ವೇಷದಲ್ಲಿ ಬರುತ್ತೆ. ಹಾಸನದವನಿಗೆ ಆಲೂಗಡ್ಡೆ ತೋರಿಸಿ ಹೆದರಿಸೋಕಾಗಲ್ಲ, ಆದರೂ ನಾಲ್ಕನೇ ದಿನಕ್ಕೆ ನನ್ನ ನಾಲಿಗೆ ಸಾರು ಸಾರು ಅನ್ನೋಕೆ ಶುರು ಮಾಡಿತು. ಇದು ಅಡುಗೆಯವರ ತಪ್ಪಲ್ಲ, ಐನೂರಕ್ಕೂ ಜಾಸ್ತಿ ಜನರಿಗೆ ಮಾಡಿಹಾಕುವವರು ನನ್ನೊಬ್ಬನ ನಾಲಿಗೆ ನೋಡಿಕೊಂಡು ಕೂರೋಕಾಗುತ್ತಾ? ಕೆಟಲ್, ಕುಕ್ಕರ್ ತರೋಣ ಅಂತ ಯೋಚಿಸಲೂ ಬೇಡಿ, ಬೆಂಕಿಯ ಭಯ, ಕ್ಯಾಬಿನ್‌ನಲ್ಲಿ ಕಾಯಿಸೋ ಸಾಮಾನು ಯಾವುದಕ್ಕೂ ಬಿಡಲ್ಲ. ಟೀ ಇಡುವ ಜಾಗದಲ್ಲಿ ಬಿಸಿನೀರು ಸಿಗುತ್ತೆ, ರೆಡಿ ಉಪ್ಪಿಟ್ಟಿನ ಕಪ್ ತಂದರೆ ನಡೆಯುತ್ತೆ. ಪುಡಿಗಳನ್ನು ತನ್ನಿ, ದಯವಿಟ್ಟು ಕೈಚೀಲದಲ್ಲಿ ತನ್ನಿ.

ದುಡ್ಡಿನ ಮಾತು. ಫೀಸು, ಊಟ, ವಸತಿ ಸೇರಿ ಲಕ್ಷಗಟ್ಟಲೆ ರೂಪಾಯಿ, ಇಪ್ಪತ್ತು ಲಕ್ಷ ಆರಾಮಾಗಿ ದಾಟುತ್ತದೆ. ಅದರ ಮೇಲೆ ವೀಸಾ, ವಿಮಾನ, ಲಸಿಕೆ, ಊರುಗಳಲ್ಲಿ ತಿರುಗಾಟ. ನನಗೆ ಸ್ಕಾಲರ್‌ಶಿಪ್ ಬಂದಿರಲಿಲ್ಲ ಅಂದರೆ ಶುಂಠಿ ಬೆಳೆದು ಇದನ್ನು ಕಟ್ಟೋ ಮಾತೇ ಇಲ್ಲ. ಅರ್ಜಿ ಹಾಕುವಾಗ ಸ್ಕಾಲರ್‌ಶಿಪ್‌ಗೂ ಹಾಕಿ, ಬರದಿದ್ದರೆ ಸಾಲ ಮಾಡಿ ಹೋಗಬೇಡಿ. ಚಿಕ್ಕಮ್ಮನಿಗೂ ಇದನ್ನೇ ಹೇಳಿದ್ದೇನೆ, ಮಗಳು ಸಿಟ್ಟಾಗಿದ್ದಾಳೆ.

ಇಂಟರ್‌ನೆಟ್ ಆಗ ತುಪ್ಪದ ಹಾಗೆ, ಅಳೆದು ಬಳಸಬೇಕಿತ್ತು. ಅಮ್ಮನಿಗೆ ದಿನಕ್ಕೊಂದು ಮೇಲ್, ನಾಲ್ಕು ಸಾಲು, ಫೋಟೊ ಇಲ್ಲ. ಅಮ್ಮ ಮೇಲ್ ಓದಲ್ಲ, ಪಕ್ಕದ ಮನೆ ಹುಡುಗ ಓದಿ ಹೇಳುತ್ತಿದ್ದ. ಆದರೆ ಇದರಿಂದ ಒಂದು ಮಜಾ ಆಯಿತು. ಊಟ ಮುಗಿದ ಮೇಲೆ ಯಾರೂ ಫೋನ್ ನೋಡುತ್ತಾ ಕೂರುತ್ತಿರಲಿಲ್ಲ, ನೋಡೋಕೆ ಏನೂ ಇರಲಿಲ್ಲವಲ್ಲ. ಇಸ್ಪೀಟು, ಗಿಟಾರ್, ಹರಟೆ. ನನಗೆ ಹತ್ತು ಜನರ ಹೆಸರು ಎರಡೇ ದಿನದಲ್ಲಿ ಬಾಯಿಪಾಠ ಆದದ್ದು ಅದೇ ಮೊದಲು.

ಐದನೇ ದಿನ ಜಿಬ್ರಾಲ್ಟರ್. ಕ್ಲಾಸ್ ನಡೆಯುತ್ತಿತ್ತು. ಒಬ್ಬ ಕಿಟಕಿ ಕಡೆ ನೋಡಿ ಎದ್ದ, ಇನ್ನೊಬ್ಬಳು ಎದ್ದಳು, ಮೇಷ್ಟ್ರು ಪೆನ್ ಕೆಳಗಿಟ್ಟು "ಹೋಗಿ, ಹತ್ತು ನಿಮಿಷ" ಅಂದರು. ಹತ್ತು ನಿಮಿಷ ಯಾರಿಗೆ ನೆನಪಿರುತ್ತೆ? ಎಡಕ್ಕೆ ಯುರೋಪು, ಬಲಕ್ಕೆ ಮೊರಾಕ್ಕೊದ ಬೆಟ್ಟ, ಮಧ್ಯೆ ಅತಿ ಕಿರಿದಾದ ಕಡೆ ಹದಿನಾಲ್ಕು ಕಿಲೋಮೀಟರ್ ನೀರು. ಎರಡು ಖಂಡ ಒಂದೇ ಸಲ ಕಾಣುತ್ತಿವೆ, ನಾನು ಟೆಕ್ಸಸ್‌ನವನ ಟೀಶರ್ಟ್ ಹಾಕಿಕೊಂಡು ನಿಂತಿದ್ದೇನೆ. ಅದರ ಮೇಲೆ ಯಾವುದೋ ಹೈಸ್ಕೂಲ್ ಕುಸ್ತಿ ತಂಡದ ಹೆಸರು. ಅವತ್ತಿನ ಫೋಟೊದಲ್ಲೆಲ್ಲ ನಾನು ಕುಸ್ತಿಪಟು.

ಬಾರ್ಸಿಲೋನಾದ ಹಿಂದಿನ ರಾತ್ರಿ ಎಲ್ಲರನ್ನೂ ಕೂರಿಸಿ ಪ್ರೀ-ಪೋರ್ಟ್ ಅಂತ ಮಾಡುತ್ತಾರೆ. ಜೇಬುಗಳ್ಳರು ಎಲ್ಲಿರುತ್ತಾರೆ, ಯಾವ ರೈಲು, ಏನು ತೊಂದರೆ ಆದರೆ ಯಾರಿಗೆ ಫೋನ್. ಮತ್ತೆ ಡಾಕ್ ಟೈಮ್ ಅನ್ನೋ ಶಿಕ್ಷೆ. ವಾಪಸ್ ಹತ್ತೋ ಗಡುವು ಮೀರಿದರೆ ಮುಂದಿನ ಬಂದರಿನಲ್ಲಿ ಎಲ್ಲರೂ ಇಳಿದ ಮೇಲೂ ನೀವು ಹಡಗಿನಲ್ಲೇ ಕೂತಿರಬೇಕು. ಎಷ್ಟು ತಡವೋ ಅಷ್ಟು ಜಾಸ್ತಿ ಹೊತ್ತು. ಪೂರ್ತಿ ತಪ್ಪಿಸಿಕೊಂಡರೆ ನಿಮ್ಮ ದುಡ್ಡಿನಲ್ಲಿ ಮುಂದಿನ ದೇಶಕ್ಕೆ ಬಂದು ಹತ್ತಿಕೊಳ್ಳಬೇಕು, ವೀಸಾ ಇದ್ದರೆ. ಆ "ವೀಸಾ ಇದ್ದರೆ" ಕೇಳಿ ನನ್ನ ಎದೆ ಧಸಕ್ಕಂತು, ಇಡೀ ಪಯಣದಲ್ಲಿ ಯಾವ ಊರಿನಲ್ಲೂ ನಾನು ಗಡುವಿಗೆ ಮೂರು ಗಂಟೆ ಮುಂಚೆಯೇ ಹಡಗಿನ ಹತ್ತಿರ ಇರುತ್ತಿದ್ದೆ.

ಬೆಳಗ್ಗೆ ಬಂದರಿಗೆ ಕಟ್ಟಿದ ಮೇಲೆ ಎಲ್ಲರೂ ಚರ್ಚು ನೋಡೋಕೆ ಓಡಿದರು, ನಾನು ಚೀಟಿ ಹಿಡಿದು ವಿಮಾನ ನಿಲ್ದಾಣಕ್ಕೆ ಓಡಿದೆ. ಬ್ಯಾಗ್ ಬಂದಿತ್ತು. ಹತ್ತಿರ ಹೋಗುವ ಮುಂಚೆಯೇ ಅದು ನನ್ನದು ಅಂತ ಗೊತ್ತಾಯಿತು, ಕೌಂಟರ್‌ನವಳು ಮೂಗಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಚಟ್ನಿಪುಡಿ ಪ್ಯಾಕೆಟ್ ಒಡೆದು ಅಂಗಿ, ಪ್ಯಾಂಟು, ಸ್ವೆಟರ್, ಸಾಕ್ಸ್ ಎಲ್ಲ ಕೆಂಪಗೆ ಬೆಳ್ಳುಳ್ಳಿ ಘಮಘಮ. ಕ್ಯಾಬಿನ್‌ಗೆ ತಂದು ಬಿಚ್ಚಿದಾಗ ಕಾರಿಡಾರ್ ಪೂರ್ತಿ ತಲೆ ಹೊರಗೆ ಹಾಕಿ ನೋಡಿತು. ಬ್ಯಾಗಿನ ತಳದಿಂದ ಕೈಯಲ್ಲಿ ಗೋರಿ ಒಂದು ಅರ್ಧ ಕೇಜಿ ಉಳಿಸಿಕೊಂಡೆ. ಅವತ್ತು ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ ಇತ್ತು. ಬೆಣ್ಣೆ ಹಾಕಿ, ಮೇಲೆ ಪುಡಿ ಉದುರಿಸಿ ಒಂದು ತುತ್ತು ತಿಂದೆ. ಟೆಕ್ಸಸ್‌ನವನು ಏನೂ ಕೇಳದೆ ತನ್ನ ತಟ್ಟೆ ಮುಂದೆ ತಳ್ಳಿದ.